ದೂಜ್ ಮರಳಿನ ಬೆಳ್ಳಿ ಇರುವೆ

ಸಹರಾ ಮರುಭೂಮಿಯನ್ನು ನೋಡಬಯಸುವವರು ಸಾಮಾನ್ಯವಾಗಿ ಚಳಿಗಾಲವನ್ನು ಆರಿಸಿಕೊಳ್ಳುತ್ತಾರೆ. ಡಿಸೆಂಬರ್ ತಿಂಗಳಿನಲ್ಲಿ ಟ್ಯುನಿಸಿಯಾ ದೇಶದ ದಕ್ಷಿಣ ಭಾಗದಲ್ಲಿರುವ ದೂಜ್ ಎಂಬ ಊರಿನಲ್ಲಿ ಮರುಭೂಮಿಯ ಉತ್ಸವ ನಡೆಯುತ್ತದೆ. ಕುದುರೆ ಸವಾರರ ಸಾಹಸ, ಒಂಟೆಗಳ ಓಟ, ಹಾಡು ಕುಣಿತಗಳಿಂದ ಊರು ತುಂಬಿರುತ್ತದೆ. ಆಗಿನ ಬಿಸಿಲು ಹಿತವಾದದ್ದು. ಆದರೆ ಜೂನ್ ತಿಂಗಳಿನ ನಡುಹಗಲಿನಲ್ಲಿ ಅಲ್ಲಿನ ಮರಳಿನ ಮೇಲೆ ನಿಲ್ಲಬೇಕೆಂದು ಹಣ ತೆತ್ತು ಹೋಗುವವರು ವಿರಳ. 2023ರ ಜೂನ್‌ನಲ್ಲಿ ಹಾಗೆ ಹೊರಟ ವಿರಳರ ಪೈಕಿ ನಾವಿಬ್ಬರು. ನನ್ನ ಜೊತೆಗಿದ್ದವರು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು. ಟ್ಯೂನಿಸ್ ನಗರದಲ್ಲಿ ಅವರಿಗೆ ಬೇರೊಂದು ಕೆಲಸವಿತ್ತು; ನನಗೆ ಹಳೆಯ ಕಾರ್ಥೇಜಿನ ಅವಶೇಷಗಳನ್ನು ನೋಡುವ ಆಸೆಯಿತ್ತು. ಎರಡೂ ಮುಗಿದ ಮೇಲೆ ಅವರು, “ಮೇಷ್ಟ್ರೇ, ಇಲ್ಲಿಯವರೆಗೆ ಬಂದು ಬೆಳ್ಳಿ ಇರುವೆಯನ್ನು ನೋಡದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ” ಎಂದರು. ಇರುವೆಯನ್ನು ನೋಡಲು ಐನೂರು ಕಿಲೋಮೀಟರ್ ಪ್ರಯಾಣವೇ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಮಾರನೆಯ ದಿನ ಬೆಳಗಿನ ಜಾವಕ್ಕೇ ಹೊರಟೆವು.

ಉಪ್ಪಿನ ಬಯಲು

ಟ್ಯುನಿಸಿಯಾದಲ್ಲಿ ಊರಿಂದೂರಿಗೆ ಹೋಗುವವರು ‘ಲುವಾಜ್’ ಎಂಬ ಬಾಡಿಗೆ ವ್ಯಾನುಗಳನ್ನು ಹಿಡಿಯುತ್ತಾರೆ. ಅವಕ್ಕೆ ವೇಳಾಪಟ್ಟಿಯೆಂಬುದಿಲ್ಲ. ಎಂಟು ಜನ ಸೇರಿದರೆ ಹೊರಡುತ್ತವೆ. ಏಳೇ ಜನವಾದರೆ ಎಂಟನೆಯವನ ದಾರಿ ಕಾಯುತ್ತ ನಿಲ್ಲುತ್ತವೆ. ಈ ಒಂದು ವಿಷಯದಲ್ಲಿ ನನಗೆ ಪರದೇಶವೆನಿಸಲಿಲ್ಲ. ಉತ್ತರದ ಗೋಧಿಯ ಹೊಲಗಳೂ ಆಲಿವ್ ತೋಟಗಳೂ ಹಿಂದೆ ಸರಿದಂತೆ ನೆಲ ಬೋಳಾಗುತ್ತ ಬಂತು. ತೊಜೂರ್ ಎಂಬ ಓಯಸಿಸ್ ಪಟ್ಟಣದಲ್ಲಿ ಒಂದು ರಾತ್ರಿ ತಂಗಿ, ಅಲ್ಲಿಂದ ಕೆಬಿಲಿಯ ಕಡೆಗೆ ಸಾಗಿದೆವು. ಈ ಎರಡು ಊರುಗಳ ನಡುವೆ ಹರಡಿರುವುದೇ ‘ಶೊತ್ ಎಲ್ ಜೆರಿದ್’ ಎಂಬ ಉಪ್ಪಿನ ಬಯಲು. ಐದು ಸಾವಿರ ಚದರ ಕಿಲೋಮೀಟರಿಗೂ ಮೀರಿದ ಆ ಬಯಲಿನ ಮೇಲೆ ಒಂದು ಏರಿಯನ್ನು ಕಟ್ಟಿ ಅದರ ಮೇಲೆ ರಸ್ತೆಯನ್ನು ಹಾಯಿಸಿದ್ದಾರೆ. ಎರಡು ಕಡೆಯೂ ಕಣ್ಣು ಹಾಯುವಷ್ಟು ದೂರ ಬಿಳಿಯ ಉಪ್ಪು. ಅಲ್ಲಲ್ಲಿ ನಸುಗೆಂಪು, ನಸುಹಸಿರು ನೀರಿನ ಕಾಲುವೆ. ದೂರದಲ್ಲಿ ಒಂದು ಕೆರೆ ಹೊಳೆಯುತ್ತಿತ್ತು; ಅದರ ದಡದ ಮೇಲೆ ಮರಗಳ ಸಾಲೂ ಕಂಡಿತು. ವ್ಯಾನು ಮುಂದುವರಿದಂತೆ ಕೆರೆಯೂ ಮರಗಳೂ ಮುಂದಕ್ಕೆ ಸರಿದು, ಕೊನೆಗೆ ಕರಗಿಹೋದವು. ಕಾವ್ಯಗಳಲ್ಲಿ ಮರೀಚಿಕೆಯನ್ನು ಎಷ್ಟೋ ವರ್ಷ ಪಾಠ ಹೇಳಿದ ನಾನು ಅದನ್ನು ಇಷ್ಟು ನಿಚ್ಚಳವಾಗಿ ನೋಡಿದ್ದು ಅಂದೇ.

ನಡುದಾರಿಯಲ್ಲಿ ವ್ಯಾನನ್ನು ನಿಲ್ಲಿಸಿ ಎಲ್ಲರೂ ಇಳಿದರು. ಕಾಲು ಗಂಟೆಯ ನಂತರ ಬಂದು ಬಾಗಿಲು ತೆಗೆದರೆ ಒಳಗೆ ಕುಲುಮೆ! ಹೊರಗಿನ ಗಾಳಿಗಿಂತ ಒಳಗಿನದು ಎಷ್ಟೋ ಬಿಸಿ. ಮುಂದೆ ಹೇಳಲಿರುವ ವಿಷಯಕ್ಕೆ ಇದು ಬೇಕಾಗಿರುವುದರಿಂದ ಇಲ್ಲಿಯೇ ಎರಡು ಮಾತು ಹೇಳಿಬಿಡುತ್ತೇನೆ.

ಬೆಳಕೆಂಬುದು ಒಂದು ಬಗೆಯ ಅಲೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಬಲು ಗಿಡ್ಡ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಆ ಒಂದು ಮೈಕ್ರಾನಿನ ಸುಮಾರು ಅರ್ಧದಷ್ಟು. ಕೆಂಪು ಬಣ್ಣದಾಚೆಗೆ, ಇನ್ನೂ ಉದ್ದನೆಯ ಅಲೆಗಳುಳ್ಳ, ಕಣ್ಣಿಗೆ ಕಾಣದ ಬೆಳಕೊಂದುಂಟು. ಇದನ್ನು ಮೊದಲು ಪತ್ತೆಹಚ್ಚಿದವನು 1800ರಲ್ಲಿ ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲ್. ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಹರಡಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತಿದ್ದಾಗ, ಯಾವ ಬಣ್ಣವೂ ಇಲ್ಲದ ಕೆಂಪಿನಾಚೆಯ ಜಾಗದಲ್ಲಿ ಪಾದರಸ ಹೆಚ್ಚು ಏರಿದ್ದನ್ನು ಅವನು ಕಂಡನು. ಅದನ್ನೇ ಇಂದು ಇನ್ಫ್ರಾರೆಡ್ ಎನ್ನುತ್ತೇವೆ, ಕನ್ನಡದಲ್ಲಿ ಅವಕೆಂಪು. ಬಿಸಿಯುಳ್ಳ ಪ್ರತಿಯೊಂದು ವಸ್ತುವೂ ಈ ಬೆಳಕನ್ನು ಹೊಮ್ಮಿಸುತ್ತಲೇ ಇರುತ್ತದೆ: ಬಂಡೆ, ಮರಳು, ಒಂಟೆ, ಓದುತ್ತಿರುವ ನೀವು, ಬರೆಯುತ್ತಿರುವ ನಾನು. ನಮ್ಮಷ್ಟು ಬೆಚ್ಚಗಿರುವ ವಸ್ತುಗಳು ಬೀರುವ ಅಲೆಯ ಉದ್ದ ಸುಮಾರು ಹತ್ತು ಮೈಕ್ರಾನ್, ಎಂದರೆ ಕಾಣುವ ಬೆಳಕಿನ ಅಲೆಯ ಇಪ್ಪತ್ತರಷ್ಟು.

ಕಿಟಕಿಯ ಗಾಜು ಕಾಣುವ ಬೆಳಕಿಗೆ ಬಾಗಿಲು. ಈ ಉದ್ದನೆಯ ಅವಕೆಂಪಿಗೆ ಗೋಡೆ. ಬಿಸಿಲು ವ್ಯಾನಿನೊಳಗೆ ಸಲೀಸಾಗಿ ನುಗ್ಗುತ್ತದೆ. ಒಳಗಿನ ಆಸನಗಳು ಕಾದು ಹೊಮ್ಮಿಸುವ ಅವಕೆಂಪು ಮಾತ್ರ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಈ ಎರಡನ್ನೂ ಅದಲುಬದಲು ಮಾಡಬಲ್ಲ ಹೊದಿಕೆಯೊಂದಿದ್ದರೆ, ಬಿಸಿಲಿಗೆ ಗೋಡೆಯಾಗಿ ಅವಕೆಂಪಿಗೆ ಬಾಗಿಲಾಗುವಂಥದಿದ್ದರೆ, ಅದನ್ನು ಹೊದ್ದವರು ಸುಡುಬಿಸಿಲಿನಲ್ಲಿಯೂ ತಂಪಾಗಿರಬಹುದಲ್ಲವೆ? “ಅದನ್ನು ಹೊದ್ದವರನ್ನೇ ನೋಡಲು ಹೋಗುತ್ತಿದ್ದೇವೆ” ಎಂದರು ನನ್ನ ಸಂಗಾತಿ.

ಬೆಳಕಿನ ಖರ್ಜೂರ

ದೂಜ್ ಪಟ್ಟಣವನ್ನು ಸಹರಾದ ಹೆಬ್ಬಾಗಿಲು ಎಂದು ಕರೆಯುವುದು ವಾಡಿಕೆ. ಊರಿನ ದಕ್ಷಿಣಕ್ಕೆ ತಾಳೆಯಂತೆ ನೆಟ್ಟಗೆ ನಿಂತ ಖರ್ಜೂರದ ಮರಗಳ ತೋಪು. ತೋಪು ಮುಗಿದಲ್ಲಿ ರಸ್ತೆಯೂ ಮುಗಿದು ಮರಳು ಮೊದಲಾಗುತ್ತದೆ. ಇಲ್ಲಿನ ಮೂಲನಿವಾಸಿಗಳು ಮರಾಜಿಗ್ ಎಂಬ ಪಂಗಡದವರು. ಹಿಂದೆ ಕುರಿ ಒಂಟೆಗಳನ್ನು ಹೊಡೆದುಕೊಂಡು ಹುಲ್ಲಿದ್ದಲ್ಲಿಗೆ ಅಲೆಯುತ್ತಿದ್ದವರು, ಈಗ ಬಹುಮಟ್ಟಿಗೆ ಊರು ಕಟ್ಟಿಕೊಂಡು ನೆಲೆಸಿದ್ದಾರೆ. ಗುರುವಾರ ಸಂತೆ. ನಾವು ತಲಪಿದ್ದು ಬುಧವಾರ ಸಂಜೆಯಾದ್ದರಿಂದ ಮರುದಿನದ ಸಂತೆಯ ಸೊಬಗು ದೊರೆಯಿತು. ಉಣ್ಣೆಯ ಕಂಬಳಿಗಳು, ಒಂಟೆಯ ಚರ್ಮದ ಚಪ್ಪಲಿಗಳು, ಮೆಣಸಿನಕಾಯಿಯ ಹುಡಿಯ ಕೆಂಪು ಗುಡ್ಡೆಗಳು, ಒಂದು ಮೂಲೆಯಲ್ಲಿ ಕುರಿ ಮೇಕೆಗಳ ವ್ಯಾಪಾರ. ಖರ್ಜೂರದ ಮರದಿಂದ ಇಳಿಸಿದ ‘ಲಗ್ಮಿ’ ಎಂಬ ರಸವನ್ನು ಒಬ್ಬ ಹುಡುಗ ಮಾರುತ್ತಿದ್ದ. ನಾವೂ ಒಂದೊಂದು ಲೋಟ ಕುಡಿದೆವು. ನಮ್ಮ ನೀರಾದ ಹತ್ತಿರದ ನಂಟು. ಅದರಂತೆಯೇ ಹೊತ್ತೇರಿದರೆ ಸ್ವಭಾವ ಬದಲಿಸುವಂಥದು.

ಒಣಹಣ್ಣಿನ ವ್ಯಾಪಾರಿಯೊಬ್ಬ ಹಿಂದಿನ ವರ್ಷದ ಖರ್ಜೂರವೊಂದನ್ನು ಎತ್ತಿ ಸೂರ್ಯನಿಗೆ ಹಿಡಿದು ತೋರಿಸಿದ. ಜೇನಿನ ಬಣ್ಣದ ತಿರುಳಿನ ಮೂಲಕ ಬೆಳಕು ಹಾಯ್ದು, ನಡುವಿನ ಬೀಜದ ನೆರಳು ಕಂಡಿತು. ಆ ತಳಿಯ ಹೆಸರು ‘ದೆಗ್ಲತ್ ನೂರ್’, ಎಂದರೆ ಬೆಳಕಿನ ಖರ್ಜೂರ. ಈ ಸೀಮೆಯ ಜನ ಬೆಳಕಿನೊಡನೆ ಬದುಕುವ ಬಗೆ ಅವರ ಮಾತಿನಲ್ಲಿಯೂ ಇಳಿದಿದೆ ಎನ್ನಿಸಿತು.

ಹನ್ನೊಂದು ಗಂಟೆಗೆಲ್ಲ ಸಂತೆ ಕರಗತೊಡಗಿತು. ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ನಾಯಿಗಳು ಗೋಡೆಯ ಬುಡದ ನೆರಳಿಗೆ ಸರಿದವು. ನಮಗೆ ದಾರಿ ತೋರಿಸಲು ಒಪ್ಪಿಕೊಂಡಿದ್ದ ಒಂಟೆಯ ಯಜಮಾನರು ಆಗ ಬಂದರು. ಎಪ್ಪತ್ತರ ಆಸುಪಾಸಿನ ವಯಸ್ಸು; ತಲೆಗೆ ಸುತ್ತಿದ ಬಿಳಿಯ ಬಟ್ಟೆಯ ನಡುವೆ ಎರಡು ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಪ್ರವಾಸಿಗಳಿಂದ ಕಲಿತ ಅಷ್ಟಿಷ್ಟು ಇಂಗ್ಲಿಷ್ ಅವರಿಗೆ ಬರುತ್ತಿತ್ತು. “ಎಲ್ಲರೂ ಒಳಗೆ ಹೋಗುವ ಹೊತ್ತಿಗೆ ಹೊರಗೆ ಹೊರಡುವವರು ಎರಡೇ ಬಗೆ, ಪ್ರೊಫೆಸರ್: ಆ ಇರುವೆಗಳು, ಅವುಗಳನ್ನು ನೋಡಲು ಬರುವ ಪರದೇಶದವರು” ಎಂದು ಅವರು ನಗುತ್ತ ಮುಂದೆ ನಡೆದರು.

ಹತ್ತು ನಿಮಿಷದ ದಿನ

ತೋಪಿನಾಚೆಯ ಒಂದು ತಗ್ಗು ದಿಬ್ಬದ ಬಳಿ ಯಜಮಾನರು ನಮ್ಮನ್ನು ಕುಳ್ಳಿರಿಸಿದರು. ತಲೆಯ ಮೇಲೆ ಕೊಡೆ ಹಿಡಿದಿದ್ದೆವು. ಆದರೂ ಮರಳಿನಿಂದ ಮೇಲೇಳುವ ಬಿಸಿ ಮುಖವನ್ನು ಸುಡುತ್ತಿತ್ತು. ಮೊದಲು ಕಂಡದ್ದು ಹಲ್ಲಿಗಳು. ಬೆರಳುಗಳ ಅಂಚಿನಲ್ಲಿ ಅಂಚುಗಟ್ಟಿದಂಥ ಹುರುಪೆಗಳಿರುವ ಆ ಮರಳುಹಲ್ಲಿಗಳು ಪೊದೆಯಿಂದ ಪೊದೆಗೆ ಓಡಾಡುತ್ತಿದ್ದವು. ಇವೇ ಇರುವೆಯ ಶತ್ರುಗಳು. ಇರುವೆಗಳ ಗೂಡು ಎಲ್ಲಿದೆಯೋ ಅಲ್ಲಿಯೇ ಇವೂ ಸುಳಿಯುತ್ತವೆ. ಹೊತ್ತೇರಿದಂತೆ ಹಲ್ಲಿಗಳಿಗೂ ಬಿಸಿ ತಡೆಯದಾಯಿತು. ಒಂದೊಂದಾಗಿ ಬಿಲ ಸೇರಿದವು. ಹನ್ನೆರಡೂವರೆಯ ಸುಮಾರಿಗೆ ಮರಳಿನ ಮೇಲೆ ಜೀವವೆಂಬುದೇ ಇರಲಿಲ್ಲ. ನನ್ನ ಸಂಗಾತಿ ಮರಳಿನ ಮೇಲ್ಮೈಗೆ ಒತ್ತಿದ ಉಷ್ಣಮಾಪಕ 56 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು.

ಆಗ ಅದು ನಡೆಯಿತು. ಒಂದು ಪೊದೆಯ ಬದಿಯ ಸಣ್ಣ ರಂಧ್ರದಿಂದ ಪಾದರಸದ ಹನಿಗಳು ಚಿಮ್ಮಿದಂತೆ ಹತ್ತು, ನೂರು, ಲೆಕ್ಕಕ್ಕೆ ಸಿಕ್ಕದಷ್ಟು ಇರುವೆಗಳು ಹೊರಬಿದ್ದು ದಿಕ್ಕುದಿಕ್ಕಿಗೆ ಚದರಿದವು. ಒಂದೊಂದೂ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಮೈಯೆಲ್ಲ ಬೆಳ್ಳಿಯ ಹೊಳಪು. ಕಣ್ಣು ಅವುಗಳ ಹಿಂದೆ ಓಡಲಾರದು. ಇದೇ ದೂಜ್ ಸೀಮೆಯ ಇರುವೆಗಳನ್ನು ಜರ್ಮನಿಯ ವಿಜ್ಞಾನಿಗಳು ವೇಗದ ಕ್ಯಾಮೆರಾದಿಂದ ಅಳೆದು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇದರ ಗರಿಷ್ಠ ವೇಗ ಸೆಕೆಂಡಿಗೆ 855 ಮಿಲಿಮೀಟರ್. ಎಂದರೆ ಒಂದು ಸೆಕೆಂಡಿನಲ್ಲಿ ತನ್ನ ಮೈಯುದ್ದದ 108 ಪಟ್ಟು ದೂರ. ಕಾಲುಗಳು ಸೆಕೆಂಡಿಗೆ ನಲವತ್ತಕ್ಕೂ ಮಿಕ್ಕಿ ಹೆಜ್ಜೆ ಹಾಕುತ್ತವೆ. ಮರಳನ್ನು ಮುಟ್ಟುವುದಕ್ಕಿಂತ ಮುಟ್ಟದಿರುವುದೇ ಹೆಚ್ಚು.

ಈ ಅವಸರಕ್ಕೆ ಕಾರಣವಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ರೂಡಿಗರ್ ವೇನರ್ ಎಂಬ ವಿದ್ವಾಂಸರು 1969ರಿಂದ ದಶಕಗಳ ಕಾಲ ಟ್ಯುನಿಸಿಯಾದ ಮರುಭೂಮಿಯ ಇರುವೆಗಳನ್ನು ಅಧ್ಯಯನ ಮಾಡಿದವರು. ಬೆಳ್ಳಿ ಇರುವೆಯ ಬಾಳನ್ನು ಕುರಿತು ಅವರೂ ಸಂಗಡಿಗರೂ 1992ರಲ್ಲಿ ಪ್ರಕಟಿಸಿದ ಲೇಖನದ ಸಾರ ಇದು: ಬಿಸಿ ಕಡಿಮೆಯಿದ್ದಾಗ ಹೊರಬಂದರೆ ಹಲ್ಲಿ ತಿನ್ನುತ್ತದೆ, ಬಿಸಿ ತೀರ ಹೆಚ್ಚಿದಾಗ ಹೊರಗಿದ್ದರೆ ಬಿಸಿಲು ಕೊಲ್ಲುತ್ತದೆ. ಮೈಯ ಉಷ್ಣತೆ 53.6 ಡಿಗ್ರಿಗೆ ಏರಿದರೆ ಇರುವೆಯ ಅಂಗಾಂಗಗಳು ಅದರ ಹತೋಟಿಗೆ ಸಿಗುವುದಿಲ್ಲ. ಈ ಎರಡು ಸಾವುಗಳ ನಡುವಿನ ಓಣಿಯೇ ಅದರ ದಿನ. ಆ ಓಣಿ ಕೆಲವು ಡಿಗ್ರಿಗಳಷ್ಟು ಅಗಲ, ಹತ್ತು ನಿಮಿಷದ ಆಸುಪಾಸಿನಷ್ಟು ಉದ್ದ. ಅಷ್ಟರೊಳಗೆ ಬಿಸಿಲಿಗೆ ಬಿದ್ದು ಸತ್ತ ಹುಳುಗಳನ್ನು ಹುಡುಕಿ, ಸೂರ್ಯನ ದಿಕ್ಕನ್ನು ಅನುಸರಿಸಿ, ನೇರ ದಾರಿಯಲ್ಲಿ ಗೂಡಿಗೆ ಮರಳಬೇಕು. ನಾವು ನೋಡುತ್ತಿದ್ದಂತೆಯೇ ಒಂದು ಇರುವೆ ಒಣಗಿದ ಹುಲ್ಲುಕಡ್ಡಿಯೊಂದನ್ನು ಸರಸರನೆ ಏರಿ ತುದಿಯಲ್ಲಿ ನಿಂತಿತು. ನೆಲದಿಂದ ಕೆಲವೇ ಅಂಗುಲ ಮೇಲಕ್ಕೆ ಗಾಳಿ ತುಸು ತಂಪು. ಅಲ್ಲಿ ಮೈಯ ಬಿಸಿ ಕಳೆದುಕೊಂಡು ಮತ್ತೆ ಇಳಿದು ಓಡಿತು. ಬಿಸಿಲಿನಲ್ಲಿ ಮೂಟೆ ಹೊತ್ತು ನಡೆವ ಕೂಲಿಯಾಳು ಮರದ ನೆರಳಿನಲ್ಲಿ ಒಂದು ಗಳಿಗೆ ನಿಂತಂತೆ.

ಇನ್ನೊಂದು ಇರುವೆಗೆ ಆ ಅದೃಷ್ಟವಿರಲಿಲ್ಲ. ನೊಣವೊಂದರ ಹೆಣವನ್ನು ಕಚ್ಚಿ ಎಳೆಯುತ್ತಿದ್ದ ಅದು ಗೂಡಿನಿಂದ ಎರಡು ಮಾರು ದೂರದಲ್ಲಿ ಒಮ್ಮೆಲೇ ತತ್ತರಿಸಿ, ಸುತ್ತಿ, ಮಗ್ಗುಲಾಯಿತು. ಯಜಮಾನರು ಅದನ್ನು ನೋಡಿ ಏನನ್ನೋ ಗುಣುಗುಣಿಸಿದರು. ನಾನು ಕೈಗಡಿಯಾರ ನೋಡಿಕೊಂಡೆ: ಮೊದಲ ಇರುವೆ ಹೊರಬಂದು ಒಂಬತ್ತು ನಿಮಿಷವಾಗಿತ್ತು. ಇನ್ನೆರಡು ನಿಮಿಷದಲ್ಲಿ ಮರಳು ಮತ್ತೆ ಬರಿದಾಯಿತು.

ಕಣ್ಣಿಗೆ ಬೆಳ್ಳಿ, ಶಾಖಕ್ಕೆ ಇದ್ದಿಲು

ಯಜಮಾನರ ಮನೆ ತೋಪಿನ ಅಂಚಿನಲ್ಲಿತ್ತು. ಅಲ್ಲಿಯೇ ಪುದೀನ ಹಾಕಿದ ಚಹಾ ಕುಡಿಯುತ್ತ, ಸತ್ತ ಆ ಇರುವೆಯನ್ನು ಭೂತಗನ್ನಡಿಯಲ್ಲಿ ನೋಡಿದೆವು. ಬೆಳ್ಳಿಯಂತೆ ಕಂಡದ್ದು ಕೂದಲು. ಮೈಮೇಲೆ ಒಂದೇ ದಿಕ್ಕಿಗೆ ಬಾಚಿದಂತೆ ಒತ್ತಾಗಿ ಹಾಸಿಕೊಂಡ ಕೂದಲು. ಹೊಟ್ಟೆಯ ಅಡಿಯಲ್ಲಿ ಮಾತ್ರ ಬೋಳು. ಭೂತಗನ್ನಡಿಗೆ ಕಾಣುವುದು ಇಷ್ಟೇ. ನಿಜವಾದ ಕುಶಲತೆ ಅದಕ್ಕೂ ಎಷ್ಟೋ ಪಟ್ಟು ಸೂಕ್ಷ್ಮವಾದ ಮಟ್ಟದಲ್ಲಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ನಾನ್‌ಫಾಂಗ್ ಯು ಮತ್ತು ಸಂಗಡಿಗರು, ಅವರಲ್ಲಿ ವೇನರ್ ಅವರೂ ಒಬ್ಬರು, ಈ ಕೂದಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ನಮ್ಮ ತಲೆಗೂದಲನ್ನು ಅಡ್ಡ ಕೊಯ್ದರೆ ದುಂಡಗೆ ಕಾಣುತ್ತದೆ. ಈ ಕೂದಲನ್ನು ಕೊಯ್ದರೆ ತ್ರಿಕೋನ. ದಪ್ಪ ಕೆಲವೇ ಮೈಕ್ರಾನ್. ಮೇಲಿನ ಎರಡು ಮುಖಗಳಲ್ಲಿ ಒಂದು ಮೈಕ್ರಾನಿಗಿಂತಲೂ ಕಿರಿದಾದ ಗೀರುಗಳು. ಮೈಯ ಕಡೆಗಿರುವ ಕೆಳಮುಖ ಸಪಾಟು. ಒಂದೊಂದು ಕೂದಲೂ ಒಂದು ಪುಟ್ಟ ಪಟ್ಟಕ!

ಈ ಪಟ್ಟಕಕ್ಕೆ ಎರಡು ಬಗೆಯ ಬೆಳಕಿನೊಡನೆ ಎರಡು ಬಗೆಯ ವ್ಯವಹಾರ. ಕೆರೆಯಲ್ಲಿ ನೆಟ್ಟ ಜೊಂಡಿನ ಸಾಲನ್ನು ನೆನೆಯಿರಿ. ಚಿಕ್ಕ ಚಿಕ್ಕ ತೆರೆಗಳು ಬಂದು ತಾಗಿದರೆ ಜೊಂಡಿಗೆ ಬಡಿದು ಚದರಿ ಹಿಂದಿರುಗುತ್ತವೆ. ಉದ್ದನೆಯ ದೊಡ್ಡ ಅಲೆ ಬಂದರೆ ಜೊಂಡು ಇದೆಯೆಂಬುದನ್ನೇ ಲೆಕ್ಕಿಸದೆ ಅದರೊಳಗೆ ಹಾಯ್ದುಹೋಗುತ್ತದೆ. ಸೂರ್ಯನ ಬೆಳಕಿನ ಅಲೆ ಕೂದಲಿಗಿಂತ ಗಿಡ್ಡ. ಅದು ಪಟ್ಟಕದೊಳಗೆ ಹೊಕ್ಕರೂ ಕೆಳಗಿನ ಸಪಾಟು ಮುಖಕ್ಕೆ ಬಡಿದು ಪೂರ್ಣವಾಗಿ ಪ್ರತಿಫಲಿಸಿ ಹೊರಬೀಳುತ್ತದೆ, ಉಳಿದದ್ದು ಚದರಿಹೋಗುತ್ತದೆ. ಆದ್ದರಿಂದಲೇ ಆ ಬೆಳ್ಳಿಯ ಹೊಳಪು. ಇರುವೆಯ ಮೈ ಹೊಮ್ಮಿಸುವ ಅವಕೆಂಪಿನ ಅಲೆ ಕೂದಲಿಗಿಂತ ಉದ್ದ. ಅದಕ್ಕೆ ಕೂದಲುಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಇರುವೆಯ ಚರ್ಮಕ್ಕೂ ಗಾಳಿಗೂ ನಡುವೆ ಹಾಸಿದ ಇಳಿಜಾರಿನಂಥ ಒಂದು ಪದರ ಮಾತ್ರ ಗೊತ್ತಾಗುತ್ತದೆ. ಹೊಸ್ತಿಲಿದ್ದಲ್ಲಿ ಎಡವುವವನು ಇಳಿಜಾರಿನಲ್ಲಿ ನಿರಾತಂಕವಾಗಿ ನಡೆದುಹೋಗುವಂತೆ, ಶಾಖ ಚರ್ಮದಿಂದ ಹೊರಕ್ಕೆ ಹರಿದುಹೋಗುತ್ತದೆ. ಬೋಳಾದ ಹೊಟ್ಟೆಗೆ ಈ ಇಳಿಜಾರಿಲ್ಲ. ಆದ್ದರಿಂದ ಕಾದ ಮರಳು ಕೆಳಗಿನಿಂದ ಬೀರುವ ಅವಕೆಂಪು ಅಷ್ಟು ಸುಲಭವಾಗಿ ಒಳಹೊಗಲಾರದು. ಕೂದಲನ್ನು ಬೋಳಿಸಿ ಹೋಲಿಸಿ ನೋಡಿದ ವಿಜ್ಞಾನಿಗಳು, ಈ ಹೊದಿಕೆ ಇರುವೆಯ ಮೈಬಿಸಿಯನ್ನು 5ರಿಂದ 10 ಡಿಗ್ರಿಗಳಷ್ಟು ಇಳಿಸುತ್ತದೆಂದು ಕಂಡರು. ಸಾವುಗಳೆರಡರ ನಡುವಿನ ಓಣಿ ಕೆಲವೇ ಡಿಗ್ರಿಗಳದೆಂದು ಮೇಲೆ ಹೇಳಿದೆನಷ್ಟೆ. ಈ ಹೊದಿಕೆಯಿಲ್ಲದಿದ್ದರೆ ಆ ಓಣಿಯೇ ಇರುತ್ತಿರಲಿಲ್ಲ.

ನನಗೊಂದು ಸಂಶಯ ಬಂತು. “ಹಾಗಾದರೆ ನಿಜವಾದ ಬೆಳ್ಳಿಯ ತಗಡನ್ನೇ ಹೊದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಲ್ಲ, ಮೇಷ್ಟ್ರೇ?”

“ಬೆಂದುಹೋಗುತ್ತಿತ್ತು” ಎಂದರು ಅವರು. “ಬೆಳ್ಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ನಿಜ. ಆದರೆ ತನ್ನೊಳಗಿನ ಶಾಖವನ್ನು ಅವಕೆಂಪಾಗಿ ಬಿಟ್ಟುಕೊಡುವುದಕ್ಕೂ ಅದು ಕೃಪಣ. ಥಳಥಳಿಸುವ ಬೆಳ್ಳಿಯ ಪಾತ್ರೆಯಿಂದ ಬಿಸಿ ಹೀಗೆ ಹೊರಬೀಳುವುದು ಮಸಿ ಹಿಡಿದ ಪಾತ್ರೆಗಿಂತ ಎಷ್ಟೋ ಕಡಿಮೆ. ಈ ಇರುವೆ ನಮ್ಮ ಕಣ್ಣಿಗೆ ಬೆಳ್ಳಿ. ಶಾಖದ ಕಣ್ಣಿಗೆ ಇದ್ದಿಲು. ಎರಡೂ ಏಕಕಾಲದಲ್ಲಿ! ವಸ್ತು ಯಾವುದು ಎಂಬುದಕ್ಕಿಂತ ಅದನ್ನು ಯಾವ ಅಳತೆಯಲ್ಲಿ, ಯಾವ ಆಕಾರದಲ್ಲಿ ಕಡೆದಿದೆ ಎಂಬುದರಿಂದ ಬಂದ ಗುಣ ಇದು.”

ಭಾಷೆಯ ವಿದ್ಯಾರ್ಥಿಯಾದ ನನಗೆ ಆ ಮಾತು ಬಹಳ ಹಿಡಿಸಿತು. ಅಕ್ಷರಗಳು ಎಲ್ಲರಿಗೂ ಅವೇ. ಜೋಡಿಸಿದ ಬಗೆಯಿಂದ ಒಂದು ಕಡೆ ಪತ್ರವ್ಯವಹಾರ, ಇನ್ನೊಂದು ಕಡೆ ಕಾವ್ಯ.

ಮುದುಕರ ಪ್ರಶ್ನೆ

ನಮ್ಮ ಚರ್ಚೆಯನ್ನು ಕೇಳುತ್ತಿದ್ದ ಯಜಮಾನರಿಗೆ ನನ್ನ ಸಂಗಾತಿ ಎಲ್ಲವನ್ನೂ ಸರಳವಾಗಿ ವಿವರಿಸಿದರು. ಇರುವೆಯ ಕೂದಲನ್ನು ಬೋಳಿಸಿದರೆಂಬ ಸಂಗತಿಗೆ ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು. ನಗು ಮುಗಿದ ಮೇಲೆ ಎದ್ದುನಿಂತು ಮನೆಯನ್ನು ತೋರಿಸಿದರು. ಹಿಂಬದಿಯಲ್ಲಿ ತಂದೆಯ ಕಾಲದ್ದು: ಒಂದು ಮೊಳಕ್ಕೂ ದಪ್ಪನಾದ ಗೋಡೆ, ಖರ್ಜೂರದ ತೊಲೆಗಳ ಮಾಡು, ಮೇಲೆ ಸುಣ್ಣ. ಅರ್ಧ ಕುಸಿದಿತ್ತು. ಮುಂದಿನದು ಮಗ ಕಟ್ಟಿಸಿದ್ದು: ತೆಳುವಾದ ಇಟ್ಟಿಗೆಯ ಗೋಡೆ, ಸಿಮೆಂಟಿನ ತಾರಸಿ. ಹೊರಗೋಡೆಗೆ ತಂಪುಯಂತ್ರವೊಂದನ್ನು ಸಿಕ್ಕಿಸಿದ್ದರು. ಅದರ ಹಿಂಬದಿಯಿಂದ ಬಿಸಿಗಾಳಿ ಓಣಿಗೆ ನುಗ್ಗುತ್ತಿತ್ತು; ಓಣಿಯ ಆ ಬದಿಯ ಮನೆಯಲ್ಲಿ ಅಂಥ ಯಂತ್ರವಿರಲಿಲ್ಲ. “ನನ್ನ ಸೊಸೆ ಹಸುಗೂಸನ್ನು ಎತ್ತಿಕೊಂಡು ಆ ಯಂತ್ರದ ಕೆಳಗೇ ಕೂರುತ್ತಾಳೆ. ಕರೆಂಟು ಹೋದ ಗಳಿಗೆಯಿಂದ ಮಗು ಅಳುತ್ತದೆ. ನಾನು ಅಂಗಳದಲ್ಲಿ ಮಲಗುತ್ತೇನೆ” ಎಂದರು. ಆಮೇಲೆ ಕೇಳಿದರು: “ಇರುವೆಯ ಆ ಅಂಗಿಯನ್ನು ನನ್ನ ತಾರಸಿಗೆ ಹೊದಿಸಬಲ್ಲಿರಾ, ಪ್ರೊಫೆಸರ್?”

ಈ ಪ್ರಶ್ನೆ ದೂಜ್ ಒಂದಕ್ಕೇ ಸೇರಿದ್ದಲ್ಲ. ಸಿಮೆಂಟು ಶೀಟಿನ ಅಡಿಯಲ್ಲಿ ಏಪ್ರಿಲ್ ತಿಂಗಳನ್ನು ಕಳೆಯುವ ರಾಯಚೂರು, ಕಲಬುರಗಿಗಳ ಯಾವ ತಾಯಿಯಾದರೂ ಇದನ್ನು ಕೇಳಬಹುದು. ಯಂತ್ರ ಒಂದು ಕೋಣೆಯನ್ನು ತಣಿಸಿ ಆ ಬಿಸಿಯನ್ನು ಬೀದಿಗೆ ಸುರಿಯುತ್ತದೆ. ಇರುವೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಆಕಾಶಕ್ಕೆ ಬಿಡುವುದೆಂಬುದು ಅಲಂಕಾರದ ಮಾತಲ್ಲ. ನಮ್ಮ ವಾಯುಮಂಡಲ ಅವಕೆಂಪಿನ ಬಹುಪಾಲನ್ನು ತಡೆಹಿಡಿಯುತ್ತದೆ. ಆದರೆ ಎಂಟರಿಂದ ಹದಿಮೂರು ಮೈಕ್ರಾನ್ ಉದ್ದದ ಅಲೆಗಳಿಗೆ ಅದರಲ್ಲಿ ಒಂದು ಕಿಟಕಿಯಿದೆ. ಬೆಚ್ಚನೆಯ ವಸ್ತುಗಳು ಹೆಚ್ಚಾಗಿ ಹೊಮ್ಮಿಸುವ ಅಲೆಗಳೂ ಅವೇ. ಆ ಕಿಟಕಿಯ ಆಚೆಗಿರುವುದು ಸೊನ್ನೆಗಿಂತ 270 ಡಿಗ್ರಿ ಕೆಳಗಿನ ಶೈತ್ಯವುಳ್ಳ ಬಾಹ್ಯಾಕಾಶ. ಮೋಡವಿಲ್ಲದ ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಕೂರುವುದು, ಹುಲ್ಲು ತನ್ನ ಶಾಖವನ್ನು ಈ ಕಿಟಕಿಯಿಂದ ಹೊರಗೆ ಕಳಿಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದರಿಂದಲೇ.

ರಾತ್ರಿಯ ಈ ಕೆಲಸವನ್ನು ಹಗಲಿನಲ್ಲಿಯೂ ಮಾಡಿ ತೋರಿಸಿದ್ದು 2014ರಲ್ಲಿ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾ ಎಂಬ ಎರಡು ಪದಾರ್ಥಗಳ ಏಳು ಪದರಗಳನ್ನು ಬೆಳ್ಳಿಯ ಮೇಲೆ ಹಾಸಿದರು. ಏಳೂ ಸೇರಿ ಎರಡು ಮೈಕ್ರಾನಿಗಿಂತ ತೆಳು. ಒಂದೊಂದರ ದಪ್ಪವನ್ನೂ ಬೆಳಕಿನ ಅಲೆಗೆ ಹೊಂದುವಂತೆ ಲೆಕ್ಕಹಾಕಿದ್ದು. ಬಿಸಿಲಿನ ನೂರಕ್ಕೆ 97 ಪಾಲನ್ನು ಅದು ಹಿಂದಿರುಗಿಸಿತು. ಅದೇ ವೇಳೆಗೆ ತನ್ನ ಶಾಖವನ್ನು ಆ ಕಿಟಕಿಗೆ ತಕ್ಕ ಅಲೆಗಳಲ್ಲಿ ಹೊಮ್ಮಿಸಿತು. ನಡುಹಗಲ ಬಿಸಿಲಿನಲ್ಲಿ, ಯಾವ ವಿದ್ಯುತ್ತನ್ನೂ ಬಳಸದೆ, ಅದು ಸುತ್ತಲಿನ ಗಾಳಿಗಿಂತ ಸುಮಾರು 5 ಡಿಗ್ರಿ ತಣ್ಣಗಿತ್ತು. ಅಂಥ ಹಾಳೆ ದುಬಾರಿಯದು. 2018ರಲ್ಲಿ ಕೊಲಂಬಿಯಾದವರು ಅಗ್ಗದ ದಾರಿಯೊಂದನ್ನು ತೋರಿಸಿದರು: ಒಣಗುವಾಗ ತನ್ನೊಳಗೆ ತಾನೇ ಅತಿಸೂಕ್ಷ್ಮ ರಂಧ್ರಗಳನ್ನು ಮಾಡಿಕೊಳ್ಳುವ ಒಂದು ಬಿಳಿಯ ಬಣ್ಣ. ಬಿಸಿಲನ್ನು ಚದುರಿಸುವುದು ಆ ರಂಧ್ರಗಳ ಕೆಲಸ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಮೆಗ್ನೀಸಿಯಂ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಪಾಲಿಮರಿನಲ್ಲಿ ಬೆರೆಸಿ ಇಂಥದೇ ಬಣ್ಣವೊಂದನ್ನು ತಯಾರಿಸಿದ್ದಾರೆ. ಅವಕೆಂಪು ಬೆಳಕನ್ನು ಇಷ್ಟು ಕಿರಿದಾದ ಎಡೆಯಲ್ಲಿ ಹಿಡಿದಿಡಬಲ್ಲ ಸ್ಕ್ಯಾಂಡಿಯಂ ನೈಟ್ರೈಡ್ ಮುಂತಾದ ಪದಾರ್ಥಗಳ ಶೋಧವೂ ಅಲ್ಲಿ ನಡೆದಿದೆ.

ಆದ್ದರಿಂದ ಯಜಮಾನರ ಪ್ರಶ್ನೆಗೆ ಆಗುತ್ತದೆ ಎಂದು ಉತ್ತರ ಹೇಳಬಹುದಿತ್ತು. ನನ್ನ ಸಂಗಾತಿ ಅಷ್ಟಕ್ಕೇ ಬಿಡಲಿಲ್ಲ. ತಾರಸಿಯ ಮೇಲೆ ಧೂಳು ಕೂತರೆ ಬಣ್ಣದ ಗುಣ ಕುಂದುತ್ತದೆ. ಈ ಊರಿನಲ್ಲಿ ಧೂಳಿಗೆ ಕೊರತೆಯಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಆಕಾಶದ ಕಿಟಕಿ ಅರೆಮುಚ್ಚುತ್ತದೆ. ದೂಜ್‌ನಂಥ ಒಣ ಊರಿಗೆ ಒದಗುವಷ್ಟು ಅದು ಮಂಗಳೂರಿನಂಥ ಕಡಲತಡಿಯ ಊರಿಗೆ ಒದಗಲಾರದು. ಚಳಿಗಾಲದಲ್ಲಿ ಬೇಡವೆಂದರೂ ತಣ್ಣಗೆ ಮಾಡುತ್ತಲೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದವರ ಕೈಗೆಟಕುವ ಬೆಲೆಗೆ ಅದು ಸಂತೆಗೆ ಬರಬೇಕು. ಇದನ್ನೆಲ್ಲ ಕೇಳಿ ಯಜಮಾನರು ತಲೆದೂಗಿ, “ನನ್ನ ತಂದೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಮಗ ಅದನ್ನು ಬಿಟ್ಟ. ನಿಮ್ಮ ಬಣ್ಣ ಬರುವವರೆಗೆ ಸುಣ್ಣವನ್ನಾದರೂ ಬಳಿಯಲು ಹೇಳುತ್ತೇನೆ” ಎಂದರು. ನನ್ನ ಸಂಗಾತಿ ಅದಕ್ಕೆ ಪೂರ್ತಿಯಾಗಿ ಒಪ್ಪಿದರು. ಸುಣ್ಣವೂ ಬಿಸಿಲಿನ ದೊಡ್ಡ ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಶಾಖವನ್ನು ಹೊರಕ್ಕೆ ಬಿಡುತ್ತದೆ. ಇರುವೆಯಷ್ಟು ಜಾಣತನದಿಂದಲ್ಲ, ಅಷ್ಟೇ.

ಆ ರಾತ್ರಿ ನಾವೂ ಅಂಗಳದಲ್ಲಿಯೇ ಮಲಗಿದೆವು. ಹಗಲು ಅಂಗಾಲನ್ನು ಸುಟ್ಟ ಮರಳು ನಡುರಾತ್ರಿಯ ಹೊತ್ತಿಗೆ ತಣ್ಣಗಾಗಿತ್ತು. ಯಜಮಾನರು ಕೇಳದೆಯೇ ಒಂದೊಂದು ಉಣ್ಣೆಯ ಕಂಬಳಿ ತಂದು ಹೊದಿಸಿದರು. ಧೂಳಡಗಿದ ಆಕಾಶದಲ್ಲಿ ನಕ್ಷತ್ರಗಳು ಕಿಕ್ಕಿರಿದಿದ್ದವು. ಒಳಗೆ ಯಂತ್ರ ಸದ್ದು ಮಾಡುತ್ತಲೇ ಇತ್ತು. ಸಿಮೆಂಟಿನ ತಾರಸಿ ಹಗಲು ನುಂಗಿದ ಬಿಸಿಯನ್ನು ಇನ್ನೂ ಕೆಳಗಿನ ಕೋಣೆಗೆ ಇಳಿಸುತ್ತಿತ್ತು. ಬೆಳಗಿನ ಜಾವ ಲುವಾಜ್ ಹಿಡಿಯಲು ಹೊರಟಾಗ, ಯಜಮಾನರ ಮಗ ಏಣಿಯನ್ನು ಗೋಡೆಗೆ ಒರಗಿಸಿ ಒಂದು ಬಕೆಟ್ಟಿನಲ್ಲಿ ಸುಣ್ಣ ಕದಡುತ್ತಿದ್ದ. ಸೂರ್ಯ ಏರುವ ಮೊದಲು ತಾರಸಿಯ ಅರ್ಧವಾದರೂ ಮುಗಿಯಬೇಕೆಂದು ಮುದುಕರು ಅವನನ್ನು ಅವಸರಪಡಿಸುತ್ತಿದ್ದರು.